ಸಕ್ಕರೆ ಒಪ್ಪತ್ತು

ಪುಟ್ಟೇನಹಳ್ಳಿ, ಯಲಹಂಕ
16-11-1983, ಬುಧವಾರ

ಶ್ರೀಮನ್ಮಂಡ್ಯ ಸೀಮಾ ಮಹಾರಾಣಿ, ಕಬ್ಬಿನ ಗದ್ದೆಯ ಸಮಸ್ತ ನರಿಗಳ ಎದೆ ನಡುಗಿಸುವ ಕಂಠವುಳ್ಳ, ಏಕೈಕ ತಮ್ಮನ ತಲೆಗೆ ಮೊಟಕುವ ವಿದ್ಯೆಯಲ್ಲಿ ಮೂರು ಲೋಕಕ್ಕೂ ಎಣೆಯಿಲ್ಲದ, ಪುಟ್ಟೇನಹಳ್ಳಿ ಕೆರೆ ಏರಿಯನ್ನು ಒಂದೇ ಉಸಿರಿಗೆ ಓಡಿ ಮುಗಿಸಿದ ದಾಖಲೆಯನ್ನು ಇಂದಿಗೂ ಯಾರಿಗೂ ಬಿಟ್ಟುಕೊಡದ, ಸೌಭಾಗ್ಯವತಿ ಮುನಿಯಲ್ಲಮ್ಮ ಅಕ್ಕನವರ ದಿವ್ಯ ಸನ್ನಿಧಾನಕ್ಕೆ,

ತಮ್ಮ ಚರಣಸೇವಕನೂ, ಬಿ.ಎಸ್ಸಿ. ಎರಡನೇ ವರ್ಷದ (ಮೊದಲನೇ ವರ್ಷದ ಒಂದು ಪೇಪರನ್ನು ಇನ್ನೂ ಕೊರಳಿಗೆ ಕಟ್ಟಿಕೊಂಡಿರುವ) ವಿದ್ಯಾರ್ಥಿಯೂ ಆದ ಸೊಣ್ಣಪ್ಪ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಇತ್ತ ನಾವೆಲ್ಲ ಕ್ಷೇಮ ಎಂದು ಬರೆಯುವುದು ಪದ್ಧತಿ. ಬರೆದೆ. ಅದು ನಿಜವಲ್ಲ ಅಂತ ನಿನಗೂ ಗೊತ್ತು.

ನಿನ್ನ ಕಾಗದ ಶನಿವಾರವೇ ಬಂತು. ಉತ್ತರ ಬರೆಯಲು ನಾಲ್ಕು ದಿನ ಹಿಡಿಯಿತು, ಕ್ಷಮಿಸು. ಇಂಕು ಮುಗಿದಿತ್ತು ಅಂತ ಹೇಳಬಹುದು. ಪೋಸ್ಟಾಫೀಸಿನಲ್ಲಿ ಇನ್‌ಲ್ಯಾಂಡ್ ಇರಲಿಲ್ಲ ಅಂತಲೂ ಹೇಳಬಹುದು. ಅವೆರಡೂ ಮೊದಲು ಉಪಯೋಗಿಸಿದ ಸುಳ್ಳುಗಳಾದ್ದರಿಂದ ಈ ಸಲ ಬಿಟ್ಟಿದ್ದೇನೆ.

ನಿನ್ನ ಕಾಗದವನ್ನು ಅಮ್ಮನಿಗೆ ನಾನು ಪೂರ್ತಿ ಓದಿ ಹೇಳಲಿಲ್ಲ. "ನನ್ನ ಬೆಲ್ಲದಿಂದಲೇ ಅಪ್ಪನ ಕಾಲಿಗೆ ಹೀಗಾಯಿತು ಅನ್ನುವುದಾದರೆ ಯಾವ ಮುಖ ಹೊತ್ತು ಬರಲಿ, ಇನ್ನು ಮೇಲೆ ತವರು ಮರೆತೆ ಅಂದುಕೊಳ್ಳಿ" ಅಂತ ಬರೆದಿದ್ದೀಯಲ್ಲ, ಅಲ್ಲಿಗೆ ಬಂದಾಗ ಆ ಸಾಲು ಹಾರಿಸಿದೆ. "ಭಾವನಿಗೆ ನೆಗಡಿಯಂತೆ, ಅದಕ್ಕೇ ದೀಪಾವಳಿಗೆ ಬರಲಿಲ್ಲವಂತೆ" ಅಂತ ಓದಿಬಿಟ್ಟೆ. ಭಾವ ಕ್ಷಮಿಸಲಿ.

ಅಕ್ಕಾ, ನಿನ್ನನ್ನು ಬೈದು ಬಂದ ಆ ಕಾಗದ ಅಮ್ಮ ಹೇಳಿ ಬರೆಸಿದ್ದು. ಬರೆದ ಕೈ ನನ್ನದು. ನಿನಗೆ ಅಕ್ಷರದಲ್ಲೇ ಗೊತ್ತಾಗಿರುತ್ತದೆ. ಗೊತ್ತಿಲ್ಲದ್ದು ಏನೆಂದರೆ, "ನೀನು ಕಳಿಸಿದ ಬೆಲ್ಲವೇ ಕಾರಣ" ಅಂತ ಬರೆಯುವಾಗ ಅದು ಸುಳ್ಳು ಅಂತ ನನಗೆ ಚೆನ್ನಾಗಿ ತಿಳಿದಿತ್ತು. ಈಗ ಮೊದಲಿನಿಂದ ಹೇಳುತ್ತೇನೆ. ಮಧ್ಯದಲ್ಲಿ ಕಾಗದ ಹರಿಯಬೇಡ. ಕೊನೆಯಲ್ಲಿ ಹರಿದರೆ ನನ್ನ ಅಭ್ಯಂತರವಿಲ್ಲ.

ಮಾರ್ಚಿಯಲ್ಲಿ ಅಪ್ಪನಿಗೆ ಕಾರ್ಖಾನೆಯ ದವಾಖಾನೆಯಲ್ಲಿ ಸಕ್ಕರೆ ಕಾಯಿಲೆ ಅಂತ ಹೇಳಿದ್ದು ನಿನಗೆ ಗೊತ್ತು. ಆ ದಿನ ಡಾಕ್ಟರ ಮುಂದೆ ನಾನೂ ಅಮ್ಮನೂ ನಿಂತಿದ್ದೆವು. ಹಿಂದೆ ನಲವತ್ತು ಜನರ ಕ್ಯೂ. ಡಾಕ್ಟರು ಒಂದೇ ಉಸಿರಿನಲ್ಲಿ, "ಸಕ್ಕರೆ ಬಿಡಿ, ಅನ್ನ ಬಿಡಿ, ಒಂದೊಂದು ಮುದ್ದೆ ತಿನ್ನಿ, ಸೊಪ್ಪು ಕಾಳು ತಿನ್ನಿ, ದಿನಾ ಎರಡು ಮೈಲಿ ನಡೀರಿ, ಈ ಮಾತ್ರೆ ತಗೊಳ್ಳಿ, ವಾರಕ್ಕೊಂದ್ಸಲ ಮೂತ್ರ ಪರೀಕ್ಷೆ ಮಾಡ್ಕೊಳ್ಳಿ, ನೆಕ್ಸ್ಟ್" ಅಂದರು.

ಹೊರಗೆ ಬಂದು ಬೇವಿನ ಮರದ ಕೆಳಗೆ ನಿಂತಾಗ ಅಪ್ಪನ ಮುಖ ಬಿಳುಚಿಕೊಂಡಿತ್ತು. ಕಾಯಿಲೆಗಲ್ಲ ಕಣಕ್ಕ, ಮುದ್ದೆಗೆ.

"ಅಲ್ಲ ಕಣ್ಲಾ, ನಮ್ಮಪ್ಪನ ಕಾಲದಾಗೆ ವರ್ಷಕ್ಕೆ ನಾಕು ದಿನ ಅನ್ನ ಕಂಡೋರು ನಾವು. ಯುಗಾದಿಗೊಂದು, ಗೌರಿಗೊಂದು, ಬೀಗ್ರು ಬಂದಾಗೊಂದು. ಅನ್ನ ತಿನ್ನಾನ ಅಂತಾನೇ ನೇಗ್ಲು ಬಿಟ್ಟು ಕಾರ್ಖಾನೆ ಸೇರಿದ್ದು. ಈಗ ಇಪ್ಪತ್ತು ವರ್ಷ ಆದಮ್ಯಾಕೆ ವಾಪಸ್ ಮುದ್ದೆಗೋಗು ಅಂತಾನಲ್ಲ ಈ ವಯ್ಯ!"

ನೀನು ನಗಬೇಡ. ನಿನ್ನನ್ನು ನೋಡಲು ಬಂದಾಗ ಅಪ್ಪ ಭಾವನ ಮನೆಯವರಿಗೆ ಹೇಳಿದ ಮೊದಲ ಮಾತೇ "ನಮ್ಮನೇಲಿ ಎರಡೊತ್ತೂ ಅನ್ನ" ಅಂತ. ಕ್ಯಾಂಟೀನಿನಲ್ಲಿ ಕೇಳಿದಷ್ಟು ಬಿಳಿ ಅನ್ನ, ದಿನಕ್ಕೆ ಆರು ಸಲ ಸಕ್ಕರೆ ಟೀ, ಮನೆ ಬಾಗಿಲಿಗೇ ಕಾರ್ಖಾನೆ ಬಸ್ಸು. ಅದನ್ನೇ ಅವರು ಮೇಲೆ ಬಂದದ್ದು ಅಂತ ತಿಳಿದಿದ್ದರು. ಹೊಲ ಉಳುವಾಗ ಎರಡು ಮುದ್ದೆ ನುಂಗಿ ಸಂಜೆಯೊಳಗೆ ಅರಗಿಸುತ್ತಿದ್ದ ಮೈ ಅದು. ಇಪ್ಪತ್ತು ವರ್ಷ ಕುಂತು ಅನ್ನ ತಿಂದರೆ ಅದು ಎಲ್ಲಿಗೆ ಹೋಗಬೇಕು?

ಆಗ ನಮ್ಮ ತಾಯಿ ದ್ರೌಪದಮ್ಮನವರು ತಮ್ಮ ಐತಿಹಾಸಿಕ ತೀರ್ಪು ಕೊಟ್ಟರು. "ಯಾಕ್ ಅಂಗೆ ಬಾಡೋಗ್ತೀಯಾ? ಡಾಕ್ಟ್ರು ಅನ್ನ ಬಿಡು ಅಂದ್ರು ತಾನೆ? ಶನಿವಾರ ಶನಿವಾರ ನಾನು ಬಿಡಲ್ವಾ? ನಿನ್ನದು ವಾರವೆಲ್ಲಾ ಒಪ್ಪತ್ತು ಅಂದ್ಕೋ."

ಅಷ್ಟೇ ಅಕ್ಕಾ. ಆ ಬೇವಿನ ಮರದ ಕೆಳಗೆ ಔಷಧಿ ಶಾಸ್ತ್ರ ಮುಗಿದು ವ್ರತ ಶುರುವಾಯಿತು. ಒಪ್ಪತ್ತಿನ ದಿನ ಅಮ್ಮ ಅನ್ನ ಮುಟ್ಟುವುದಿಲ್ಲ, ನಿನಗೆ ಗೊತ್ತಲ್ಲ. ಇಡ್ಲಿ ನಡೆಯುತ್ತದೆ. ಉಪ್ಪಿಟ್ಟು, ಅವಲಕ್ಕಿ ನಡೆಯುತ್ತದೆ. ಅಕ್ಕಿ ರೊಟ್ಟಿ, ಸಬ್ಬಕ್ಕಿ ಪಾಯಸ, ಬಾಳೆಹಣ್ಣು, ಎಲ್ಲಕ್ಕೂ ದೇವರ ಒಪ್ಪಿಗೆ ಇದೆ. ಶನಿದೇವರು ಒಪ್ಪಿದ್ದನ್ನು ಡಾಕ್ಟರು ಯಾಕೆ ಒಪ್ಪುವುದಿಲ್ಲ? ಸಕ್ಕರೆ ಬೇಡ ಅಂದಿದ್ದಾರೆ, ಬೆಲ್ಲದ ಹೆಸರು ಎತ್ತಲೇ ಇಲ್ಲವಲ್ಲ? ಹಾಗೆ ನಿನಗೆ ಕಾಗದ ಹೋಯಿತು, "ಭಾವನ ಊರಿನ ಆಲೆಮನೆಯ ಒಳ್ಳೆ ಬೆಲ್ಲ ಕಳಿಸು, ಅಪ್ಪನಿಗೆ ಪಥ್ಯ" ಅಂತ. ಅದನ್ನೂ ಬರೆದವನು ನಾನೇ. ನೀನು ಪಾಪ, ಹತ್ತು ಅಚ್ಚು ಕಳಿಸಿದೆ. ತಂದೆಯ ಆರೋಗ್ಯಕ್ಕೆ ಅಂತ ಬಟ್ಟೆ ಸುತ್ತಿ, ಅರಿಶಿನದ ದಾರ ಕಟ್ಟಿ ಕಳಿಸಿದೆ.

ಇನ್ನು ಮೂತ್ರ ಪರೀಕ್ಷೆಯ ಅಧಿಕಾರ ನನ್ನ ಪಾಲಿಗೆ ಬಂತು. ಮನೆಯಲ್ಲಿ ಕೆಮಿಸ್ಟ್ರಿ ಓದಿದ ಮಹಾಪುರುಷ ಒಬ್ಬನೇ ಅಲ್ಲವೇ? ಕಾಲೇಜಿನ ಲ್ಯಾಬಿನಿಂದ ಒಂದು ಗಾಜಿನ ಕೊಳವೆ ಮತ್ತು ಸ್ಪಿರಿಟ್ ದೀಪ ನನ್ನ ಜೊತೆ ಮನೆಗೆ ನಡೆದು ಬಂದವು. ಮೆಡಿಕಲ್ ಅಂಗಡಿಯಿಂದ ಒಂದು ಬಾಟಲಿ ನೀಲಿ ಔಷಧಿ ನೀರು ತಂದೆ. ಕೊಳವೆಗೆ ಅದನ್ನು ಒಂದು ಚಮಚ ಹಾಕಿ, ಎಂಟು ತೊಟ್ಟು ಮೂತ್ರ ಬಿಟ್ಟು ಕುದಿಸಬೇಕು. ನೀಲಿಯಾಗೇ ಉಳಿದರೆ ಸಕ್ಕರೆ ಇಲ್ಲ. ಹಸಿರಾದರೆ ಸ್ವಲ್ಪ, ಹಳದಿಯಾದರೆ ಜಾಸ್ತಿ, ಇಟ್ಟಿಗೆ ಕೆಂಪಾದರೆ ಆ ಮನುಷ್ಯನನ್ನು ಇರುವೆಗಳಿಂದ ಕಾಪಾಡಬೇಕು.

ಪ್ರತಿ ಭಾನುವಾರ ಬೆಳಿಗ್ಗೆ ಹಿತ್ತಲ ಜಗಲಿಯ ಮೇಲೆ ಈ ಯಜ್ಞ. ನಾನು ಟವೆಲ್ಲನ್ನು ಉತ್ತರೀಯದಂತೆ ಹೊದ್ದು, "ಪುಟ್ಟೇನಹಳ್ಳಿ ಸಂಸ್ಥಾನದ ರಾಜವೈದ್ಯರು ದಯಮಾಡಿಸುತ್ತಿದ್ದಾರೆ, ಪರಾಕ್" ಅಂತ ಕೂಗಿಕೊಂಡು ಬರುತ್ತಿದ್ದೆ. ಅಪ್ಪನಿಗೆ ನಗು. ಒಂದು ನೋಟ್‌ಬುಕ್ಕಿನಲ್ಲಿ ವರದಿ ಬರೆಯುತ್ತಿದ್ದೆ. "ಇಂದಿನ ವರ್ಣ: ಇಟ್ಟಿಗೆ. ರೋಗಿಯ ಒಳಗೆ ಮನೆ ಕಟ್ಟಬಹುದು." ಹೀಗೆ.

ಆದರೆ ಮೂರು ವಾರ ಇಟ್ಟಿಗೆಯೇ ಬಂದಾಗ ನಗು ನಿಂತಿತು. ಅಪ್ಪ ಹಿತ್ತಲಿಗೆ ಹೋಗಿ ಹಸುವಿನ ಪಕ್ಕ ಕೂತರೆ ಮಧ್ಯಾಹ್ನದವರೆಗೆ ಏಳುತ್ತಿರಲಿಲ್ಲ. ಅಮ್ಮ ಒಲೆ ಮುಂದೆ ಕಣ್ಣೊರೆಸುತ್ತ, "ಇನ್ನೇನ್ ಬಿಡಿಸ್ಲಿ, ನೀರು ಬಿಡಿಸ್ಲಾ?" ಅನ್ನುವಳು. ಆಮೇಲೆ ಮಾತ್ರೆಯ ದೆಸೆಯಿಂದ ಹಳದಿಗೆ ಇಳಿಯಿತು. ಅಲ್ಲಿಂದ ಕೆಳಗಿಳಿಯಲಿಲ್ಲ.

ಜೂನ್ ತಿಂಗಳ ಒಂದು ಭಾನುವಾರ. ಕೊಳವೆ ಮತ್ತೆ ಕಿತ್ತಳೆ ಬಣ್ಣಕ್ಕೆ ತಿರುಗಿತ್ತು. ಅಪ್ಪ ಬಾಗಿಲಲ್ಲಿ ಟವೆಲ್ ಹಿಡಿದು ನಿಂತು, ಶಾಲೆಯ ರಿಸಲ್ಟಿಗೆ ಕಾಯುವ ಹುಡುಗನ ಹಾಗೆ ನನ್ನನ್ನೇ ನೋಡುತ್ತಿದ್ದರು. ಆ ಮುಖ ನೋಡಲು ನನ್ನಿಂದ ಆಗಲಿಲ್ಲ ಅಕ್ಕಾ. ಅವರು ಆ ಕಡೆ ತಿರುಗಿದಾಗ ಕೊಳವೆಯನ್ನು ಬಚ್ಚಲಿಗೆ ಚೆಲ್ಲಿ, ಬರೀ ಔಷಧಿ ನೀರು ತುಂಬಿ ಬಿಸಿಲಿಗೆ ಹಿಡಿದು ತೋರಿಸಿದೆ. "ನೀಲಿ!" ಅಂದೆ. ಆ ದಿನ ಅಪ್ಪ ಹಸುವಿನ ಬೆನ್ನು ತಟ್ಟಿದರು. ನನ್ನ ಬೆನ್ನೂ ತಟ್ಟಿದರು. ಅಮ್ಮ ಸಬ್ಬಕ್ಕಿ ಪಾಯಸ ಮಾಡಿದಳು.

ಮುಂದಿನ ವಾರ ನಿಜ ಹೇಳೋಣ ಅಂದುಕೊಂಡೆ. ಅಮ್ಮ ಅಷ್ಟರಲ್ಲಿ ಬೀದಿಗೆಲ್ಲ ಹೇಳಿಬಿಟ್ಟಿದ್ದಳು, "ನಮ್ಮೆಜಮಾನ್ರ ಸಕ್ಕರೆ ಒಪ್ಪತ್ತಲ್ಲೇ ಓಯ್ತು ಕಣ್ರವ್ವಾ." ಮತ್ತೆ ನೀಲಿ. ಅದರ ಮುಂದಿನ ವಾರವೂ ನೀಲಿ. ನೋಟ್‌ಬುಕ್ಕಿನಲ್ಲಿ "ಗಗನ ನೀಲಿ", "ಕೃಷ್ಣ ವರ್ಣ", "ಸಾಗರ ಸದೃಶ" ಅಂತ ಬಣ್ಣಿಸಿ ಬರೆದೆ. ಆಗಸ್ಟಿನಲ್ಲಿ ಅಪ್ಪ ಮಾತ್ರೆ ನಿಲ್ಲಿಸಿದರು. "ಸಕ್ಕರೇನೇ ಇಲ್ದಿದ್ಮ್ಯಾಕೆ ಮಾತ್ರೆ ಯಾಕ್ಲಾ ದಂಡ?" ಅಂದರು. ಆಗ ಬಾಯಿ ಬಿಡಬೇಕಿತ್ತು. ನಾನು ಆ ಮಾತು ಕೇಳಿಸಿಕೊಂಡು ಎದ್ದು ಹೋಗಿ ಬಾವಿಯಿಂದ ನಾಲ್ಕು ಬಿಂದಿಗೆ ನೀರು ಸೇದಿದೆ. ಯಾರೂ ನೀರು ಕೇಳಿರಲಿಲ್ಲ.

ಅಕ್ಟೋಬರಿನಲ್ಲಿ ಕಾರ್ಖಾನೆಯಲ್ಲಿ ಹೊಸ ಬೂಟು ಕೊಟ್ಟರು. ನಮ್ಮ ಮುಂದಿನ ರೂಮಿನಲ್ಲಿ ಬಾಡಿಗೆಗಿರುವ ಗುರುಪಾದಪ್ಪನವರು ಗೊತ್ತಲ್ಲ, ಬಿಜಾಪುರದ ಕಡೆಯವರು, ಅಪ್ಪನ ಜೊತೆ ಅದೇ ಶಿಫ್ಟು. ಒಂದು ಸಂಜೆ ಬಸ್ಸಿಳಿದು ಬರುತ್ತಾ ಅವರು ಬೀದಿಯಲ್ಲೇ ನಿಂತು ಕೂಗಿದರು. "ಏನ್ರೀ ಮುನಿರಾಮಯ್ಯಾರ, ಬೂಟಿನಾಗಿಂದ ರಕ್ತ ಸೋರಾಕತ್ತೇತಿ, ನಿಮಗ ಗೊತ್ತಾಗವಲ್ದೇನ್ರೀ?"

ಅಪ್ಪ ಬಗ್ಗಿ ನೋಡಿ, "ಅಯ್ಯೋ ಹೌದಲ್ಲ" ಅಂದರಂತೆ. ಯಾರದೋ ಕಾಲು ನೋಡಿದ ಹಾಗೆ. ನೋವೇ ಇಲ್ಲ ಅಕ್ಕಾ. ನೋವಿಲ್ಲದ್ದು ಒಳ್ಳೆಯದು ಅಂತ ಅಪ್ಪ, ಬೂಟು ಕಚ್ಚಿದ್ದಕ್ಕೆ ಅರಿಶಿನ ಸಾಕು ಅಂತ ಅಮ್ಮ. ಹನ್ನೆರಡು ದಿನ ಅರಿಶಿನ ಮೆತ್ತಿದೆವು. ಹೆಬ್ಬೆರಳ ಪಕ್ಕದ ಎರಡು ಬೆರಳು ಕಪ್ಪಾದವು. ವಾಸನೆ ಬಂದಾಗ ಗುರುಪಾದಪ್ಪನವರೇ, "ಇನ್ನ ಸುಮ್ಮ ಕುಂತ್ರ ನಾ ನಿಮ್ಮನಿ ಬಿಡ್ತೀನಿ ನೋಡ್ರಿ" ಅಂತ ಹೆದರಿಸಿ ಆಟೋ ತಂದು ಸಿಟಿಯ ದೊಡ್ಡಾಸ್ಪತ್ರೆಗೆ ಸೇರಿಸಿದರು. ಅದು ಅಕ್ಟೋಬರ್ ಇಪ್ಪತ್ತೆಂಟು.

ಸೋಮವಾರ ದೊಡ್ಡ ಡಾಕ್ಟರು ನೋಡಿದರು. "ಎರಡು ಬೆರಳು ತೆಗೀಬೇಕು. ಈಗಲೇ ಒಪ್ಪಿದ್ರೆ ಎರಡಕ್ಕೆ ಮುಗಿಯುತ್ತೆ. ತಡ ಮಾಡಿದ್ರೆ ಪಾದ, ಇನ್ನೂ ತಡ ಮಾಡಿದ್ರೆ ಮಂಡಿ. ರಕ್ತದಲ್ಲಿ ಸಕ್ಕರೆ ಹಾಗಿದೆ."

ಅಪ್ಪ ನಕ್ಕರು. ದಿಂಬಿನ ಕೆಳಗಿನಿಂದ ನನ್ನ ನೋಟ್‌ಬುಕ್ ತೆಗೆದರು. ಅದನ್ನು ಅಲ್ಲಿಗೂ ತಂದಿದ್ದರು ಅಂತ ನನಗೆ ಆಗಲೇ ಗೊತ್ತಾದದ್ದು. "ನಂಗೆ ಸಕ್ಕರೆ ಇಲ್ಲ ಸ್ವಾಮಿ. ಇಲ್ ನೋಡಿ, ನಮ್ಮುಡ್ಗ ಬಿ.ಎಸ್ಸಿ. ಓದ್ತಾ ಅವ್ನೆ, ಐದು ತಿಂಗ್ಳಿಂದ ಅವನೇ ಕಾಯಿಸಿ ನೋಡಿ ಬರ್ದವ್ನೆ. ನಿಮ್ಮ ಮಿಷನ್ ಸರ್ಯಾಗಿ ನೋಡ್ಕಳಿ."

ಡಾಕ್ಟರು ಪುಟ ತಿರುವಿದರು. "ಸಾಗರ ಸದೃಶ" ಅಂತ ಗಟ್ಟಿಯಾಗಿ ಓದಿ ನನ್ನ ಮುಖ ನೋಡಿದರು. ನಾನು ಕಿಟಕಿ ನೋಡಿದೆ. ಅಪ್ಪ ಸೈನ್ ಹಾಕಲಿಲ್ಲ. ಸೋಮವಾರ ಹಾಕಲಿಲ್ಲ, ಮಂಗಳವಾರ ಹಾಕಲಿಲ್ಲ. ಬುಧವಾರವೂ ಇಲ್ಲ.

ಆ ಬುಧವಾರವೇ ವಾರ್ಡಿನಲ್ಲಿ ನಸೀಮಾ ಅಂತ ಒಬ್ಬ ಸಿಸ್ಟರ್ ಅಪ್ಪನ ಪಕ್ಕ ಸ್ಟೂಲು ಎಳೆದುಕೊಂಡು ಕೂತರು. ಆರ್.ಟಿ. ನಗರದವರು, ಐವತ್ತು ವರ್ಷ ಇರಬಹುದು. ಅಮ್ಮ ಬುತ್ತಿ ಬಿಚ್ಚುತ್ತಿದ್ದಳು.

"ಯಜಮಾನ್ರೇ, ಮನೇಲಿ ಬೆಳಿಗ್ಗೆ ಏನ್ ತಿಂತಿದ್ರಿ? ಒಂದೊಂದೇ ಹೇಳಿ."

"ಏನ್ ತಿಂತೀನಿ ತಾಯಿ, ವ್ರತದೋನು. ಬೆಳಿಗ್ಗೆ ಎಂಟು ಇಡ್ಲಿ."

"ಎಂಟು. ಆಮೇಲೆ?"

"ಅನ್ನೊಂದು ಗಂಟೆಗೆ ಅವಲಕ್ಕಿ, ಬೆಲ್ಲ ಕಾಯಿ ಆಕಿ. ಮಧ್ಯಾಹ್ನ ಮೂರು ಅಕ್ಕಿ ರೊಟ್ಟಿ. ಸಾಯಂಕಾಲಕ್ಕೆ ಎರಡು ಬಾಳೆಹಣ್ಣು, ಬೆಲ್ಲದ ಟೀ. ರಾತ್ರಿ ಉಪ್ಪಿಟ್ಟು. ಅಷ್ಟೇಯ. ಅನ್ನ ಮಾತ್ರ ಮಾರ್ಚಿಯಿಂದ ಒಂದಗುಳು ಮುಟ್ಟಿಲ್ಲ."

ಸಿಸ್ಟರ್ ಹಣೆ ಹಣೆ ಚಚ್ಚಿಕೊಂಡರು. "ಯಾ ಅಲ್ಲಾ! ಇದಕ್ಕೆ ಒಪ್ಪತ್ತು ಅಂತೀರಾ? ರಂಜಾನ್ ತಿಂಗ್ಳು ಇಫ್ತಾರಿಗೂ ನಾವು ಇಷ್ಟು ತಿನ್ನಲ್ಲ ಕಣ್ರೀ. ಅಕ್ಕಿ ರುಬ್ಬಿದ್ರೂ ಅಕ್ಕೀನೇ, ಕುಟ್ಟಿದ್ರೂ ಅಕ್ಕೀನೇ. ಗಂಟಲು ಇಳಿದ್ಮೇಲೆ ಅದಕ್ಕೆ ಇಡ್ಲಿ ಅಂತ ಹೆಸರಿಲ್ಲ. ಬೆಲ್ಲನೂ ಸಕ್ಕರೇನೂ ಒಂದೇ ತಾಯಿ ಮಕ್ಳು. ಒಂದು ಮುದ್ದೆ, ಒಂದು ಬಟ್ಟಲು ಸೊಪ್ಪು, ಒಂದಿಷ್ಟು ಹುರುಳಿಕಾಳು ತಿಂದು ಕೆರೆ ತನಕ ನಡ್ಕೊಂಡು ಹೋಗಿ ಬಂದಿದ್ರೆ ಇವತ್ತು ನನ್ನ ಮುಖ ನೋಡ್ತಿರ್ಲಿಲ್ಲ ನೀವು."

ಆಮೇಲೆ ನನ್ನ ಕಡೆ ತಿರುಗಿ, "ನಿಂಗೂ ಹೇಳ್ತಿದೀನಿ ಮಗಾ. ತಂದೇಗೆ ಇದ್ರೆ ಮಕ್ಳೂ ಹುಷಾರಾಗಿರ್ಬೇಕು" ಅಂದರು. ಇದು ನಿನಗೂ ಸೇರಿದ ಮಾತು ಅಕ್ಕಾ, ಒಮ್ಮೆ ಪರೀಕ್ಷೆ ಮಾಡಿಸು. ಮನೆಯಲ್ಲಿ ಬೇಡ.

ಅಮ್ಮನ ಕೈಯಲ್ಲಿದ್ದ ಬುತ್ತಿಯ ಮುಚ್ಚಳ ಹಾಗೇ ನಿಂತುಬಿಟ್ಟಿತು. ಒಳಗೆ ಇಡ್ಲಿ. ಅವಳಿಗೆ ಎಷ್ಟು ಅರ್ಥವಾಯಿತೋ ಗೊತ್ತಿಲ್ಲ, ಆ ಅಷ್ಟೂ ಮಾತಿನಲ್ಲಿ ಅವಳು ಹಿಡಿದುಕೊಂಡದ್ದು ಬೆಲ್ಲವನ್ನು ಮಾತ್ರ. ಉಳಿದದ್ದೆಲ್ಲ ಅವಳ ಕೈಯಿಂದ ಹೋದದ್ದು. ಬೆಲ್ಲ ಒಂದೇ ಹೊರಗಿನಿಂದ ಬಂದದ್ದು. ಮನೆಗೆ ಬಂದವಳೇ, "ಕಾಗದ ತಗಳ್ಲಾ, ನಿಮ್ಮಕ್ಕಂಗೆ ಬರಿ" ಅಂದಳು. ಅವಳು ಅಳುತ್ತಾ ಹೇಳಿದಳು, ನಾನು ಬರೆದೆ. ಒಂದು ಕಡೆ ನನ್ನ ಪೆನ್ನು ನಿಂತಿತು. "ಬರೆದ್ಯಾ?" ಅಂದಳು. "ಬರೆದೆ" ಅಂದೆ. ಅವಳನ್ನು ಬೈಯಬೇಡ ಅಕ್ಕಾ. ತನ್ನ ಕೈಯಾರೆ ಬಡಿಸಿದ್ದು ಅಂತ ಒಪ್ಪಿಕೊಳ್ಳಲು ಯಾವ ಹೆಂಗಸಿಗೆ ತಾನೇ ಆಗುತ್ತದೆ?

ಗುರುವಾರವೂ ನಾನು ಬಾಯಿ ಬಿಡಲಿಲ್ಲ. ಶುಕ್ರವಾರ ದೀಪಾವಳಿ. ಮಧ್ಯಾಹ್ನ ಡಾಕ್ಟರು ಪಟ್ಟಿ ಬಿಚ್ಚಿ ನೋಡಿ ನನ್ನನ್ನು ವರಾಂಡಾಕ್ಕೆ ಕರೆದರು. "ಬೆರಳಿನ ಮಾತು ಮುಗೀತು. ನಾಳೆ ಬೆಳಿಗ್ಗೆಯೊಳಗೆ ಸೈನ್ ಇಲ್ದಿದ್ರೆ ಮನೆಗೆ ಕರ್ಕೊಂಡ್ಹೋಗಿ." ಹೊರಗೆ ಬೀದಿಯಲ್ಲಿ ಹುಡುಗರು ಪಟಾಕಿ ಹೊಡೆಯುತ್ತಿದ್ದರು. ಒಂದೊಂದು ಸದ್ದಿಗೂ ನಾನು ಬೆಚ್ಚುತ್ತಿದ್ದೆ, ಯಾರೋ ನನ್ನ ಹೆಸರು ಹಿಡಿದು ಕೂಗಿದ ಹಾಗೆ.

ಒಳಗೆ ಹೋಗಿ ಅಪ್ಪನ ಮಂಚದ ಪಕ್ಕ ನಿಂತೆ. ಅಮ್ಮ ನೀರು ತರಲು ಹೋಗಿದ್ದಳು.

"ಅಪ್ಪಾ, ಆ ನೀಲಿ ಸುಳ್ಳು."

"ಯಾವ ನೀಲಿ?"

"ನೋಟ್‌ಬುಕ್ಕಿನದು. ಜೂನ್‌ನಿಂದ ಈಚೆಗೆ ಬರೆದದ್ದೆಲ್ಲಾ ಸುಳ್ಳು. ನಾನು ಪರೀಕ್ಷೆ ಮಾಡ್ಲಿಲ್ಲ. ಬರೀ ಔಷಧಿ ನೀರು ತೋರಿಸ್ದೆ."

ಅಪ್ಪ ನನ್ನನ್ನು ಒಂದು ಕ್ಷಣ ನೋಡಿ ನಗತೊಡಗಿದರು. "ಥೂ ನಿನ್ನ! ಆಸ್ಪತ್ರೇಲೂ ನಿನ್ನ ಕೋತಿ ಆಟ ಬಿಡಲ್ವೇನ್ಲಾ? ಡಾಕ್ಟ್ರು ಏಳ್ಕೊಟ್ರಾ ಇಂಗನ್ನು ಅಂತ?"

ನಗುತ್ತಲೇ ಇದ್ದರು ಅಕ್ಕಾ. ಪಕ್ಕದ ಮಂಚದವರಿಗೂ ಹೇಳಿದರು, "ನಮ್ಮುಡ್ಗ ಬಲೇ ಕಿಲಾಡಿ. ಅವರಕ್ಕನ ಮದ್ವೇಲಿ ಬೀಗರ ಎಲೆ ಅಡಿಕೇಗೆ ಮೆಣಸಿನಪುಡಿ ಆಕಿದ್ದ." ಹತ್ತೊಂಬತ್ತು ವರ್ಷ ತಮಾಷೆ ಮಾಡಿದವನು ಒಂದು ಸಲ ನಿಜ ಹೇಳಿದರೆ ಅದಕ್ಕೂ ನಗುವವರೇ. ನಾನು ಆಣೆ ಇಟ್ಟೆ. ಆಣೆಗೂ ನಕ್ಕರು. ಕೊನೆಗೆ ನಸೀಮಾ ಸಿಸ್ಟರ್ ಹತ್ತಿರ ಹೋಗಿ ಎಲ್ಲ ಹೇಳಿದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ವಾರ್ಡಿನ ದೀಪ, ಕೊಳವೆ, ನೀಲಿ ಬಾಟಲಿ ಟ್ರೇಯಲ್ಲಿಟ್ಟು ತಂದು ಅಪ್ಪನ ಮುಂದಿಟ್ಟರು.

"ಯಜಮಾನ್ರೇ, ಇವತ್ತು ನಿಮ್ಮ ಕಣ್ಣೆದುರಿಗೇ ಮಾಡಿಸ್ತೀನಿ. ಮಗನೇ ಮಾಡ್ಲಿ. ನಾನು ಮುಟ್ಟಲ್ಲ."

ಎಂಟು ತೊಟ್ಟು ಬಿಟ್ಟೆ. ಎಣಿಕೆ ತಪ್ಪಿ ಒಂಬತ್ತಾಗಿರಬಹುದು. ಎರಡು ನಿಮಿಷ ಕುದಿಯಬೇಕು, ಒಂದು ನಿಮಿಷವೂ ಬೇಕಾಗಲಿಲ್ಲ. ಹಸಿರು ಹೀಗೆ ಬಂದು ಹಾಗೆ ಹೋಯಿತು. ಹಳದಿ, ಕಿತ್ತಳೆ, ಆಮೇಲೆ ಇಟ್ಟಿಗೆ ಪುಡಿ ಕದಡಿದ ಹಾಗೆ ಕೆಂಪು. ಅಪ್ಪ ಕೊಳವೆಯನ್ನು ನನ್ನ ಕೈಯಿಂದ ತೆಗೆದುಕೊಂಡರು. ಬಿಸಿಯಿತ್ತು, ಬಿಡಲಿಲ್ಲ. ಅದನ್ನೇ ನೋಡುತ್ತ ಕೂತರು.

"ಯಾಕ್ಲಾ ಮಗ?" ಅಂದರು.

"ಕೆಂಪು ಬಂದ್ರೆ ನೀವು ಹಸು ಹತ್ರ ಹೋಗಿ ಕೂತ್ಕೊಳ್ತಿದ್ರಲ್ಲ, ಅದನ್ನ ನೋಡಕ್ಕಾಗ್ಲಿಲ್ಲ" ಅಂದೆ.

ಅವರು ತಲೆ ಆಡಿಸಿದರು. "ಕಾಗದ ಕೊಡಮ್ಮ, ಎಲ್ಲಿ ಆಕ್ಬೇಕು ಸೈನು?" ಅಂತ ಸಿಸ್ಟರ್ ಕಡೆ ಕೈ ಚಾಚಿದರು. ಸೈನ್ ಹಾಕಿ, ನನ್ನ ಕಡೆ ನೋಡದೆ ಮೆಲ್ಲಗೆ, "ನಿಮ್ಮಮ್ಮಂಗೆ ಏಳ್ಬ್ಯಾಡ. ತಡ್ಕಳಲ್ಲ ಅವ್ಳು" ಅಂದರು.

ಶನಿವಾರ ಅರ್ಧ ಪಾದ ತೆಗೆದರು ಅಕ್ಕಾ. ಎರಡು ಬೆರಳಿಗೆ ಮುಗಿಯುತ್ತಿದ್ದದ್ದು. ಉಳಿದದ್ದು ಆ ನಾಲ್ಕು ದಿನದ್ದು, ನಾನು ಕಿಟಕಿ ನೋಡುತ್ತಾ ನಿಂತಿದ್ದ ದಿನಗಳದ್ದು.

ಈಗ ಗಾಯ ಒಣಗುತ್ತಿದೆ. ದಿನಾ ಸೂಜಿ. ಗುರುಪಾದಪ್ಪನವರ ಹೆಂಡತಿ ರತ್ನವ್ವ ಕಾಳಿನ ಪಲ್ಯ ಮಾಡಿ ಕಳಿಸುತ್ತಾರೆ. ಅಮ್ಮ ಮುದ್ದೆ ಕಟ್ಟಿ ತರುತ್ತಾಳೆ, ಒಂದೇ ಒಂದು, ಕಿತ್ತಳೆ ಹಣ್ಣಿನ ಗಾತ್ರ, ಜೊತೆಗೆ ಸೊಪ್ಪಿನ ಸಾರು. ಮೊದಲ ದಿನ ಅಪ್ಪ ಗೋಡೆ ಕಡೆ ತಿರುಗಿ ತಿಂದರು, ಪಕ್ಕದ ಮಂಚದವರು ನೋಡುತ್ತಾರೆ ಅಂತ. ಈಗ ಈ ಕಡೆಗೇ ತಿರುಗಿ ತಿನ್ನುತ್ತಾರೆ. ಮೊನ್ನೆ ಕಾರ್ಖಾನೆಯವರು ನೋಡಲು ಬಂದಿದ್ದರು. "ಇದೆಂಗಾಯ್ತು ಮುನಿರಾಮಯ್ಯ, ನೀಲಿ ನೀಲಿ ಅಂತಿದ್ದೆ?" ಅಂತ ಒಬ್ಬರು ಕೇಳಿದರು. ಅಪ್ಪ, "ಆ ಔಷಧಿ ನೀರು ಅಳೇದು, ಕೆಟ್ಟೋಗಿತ್ತಂತೆ. ಉಡ್ಗ ಏನ್ ಮಾಡ್ತಾನೆ ಪಾಪ" ಅಂದರು. ನಾನು ಅಲ್ಲೇ ನಿಂತಿದ್ದೆ.

ಅಮ್ಮನಿಗೆ ಹೇಳಬೇಡ ಅಂತ ಅಪ್ಪ ಹೇಳಿದ್ದಾರೆ. ನಿನಗೆ ಹೇಳಬೇಡ ಅಂತ ಹೇಳಿಲ್ಲ. ನಿನ್ನ ಬೆಲ್ಲ ಅವರ ಹೊಟ್ಟೆಗೆ ಹೋದದ್ದು ನಿಜ. ಆದರೆ ಜೂನ್‌ನಲ್ಲಿ ನಾನು ಕಿತ್ತಳೆಯನ್ನು ಕಿತ್ತಳೆ ಅಂದಿದ್ದರೆ, ಯಾರಾದರೂ ಅವರನ್ನು ಮತ್ತೆ ಡಾಕ್ಟರ ಹತ್ತಿರ ಕರೆದೊಯ್ಯುತ್ತಿದ್ದರು, ಅವರು "ಏನ್ ತಿಂತೀರಿ?" ಅಂತ ಕೇಳುತ್ತಿದ್ದರು, ಅಷ್ಟಕ್ಕೇ ಬೆಲ್ಲವೂ ಇಡ್ಲಿಯೂ ಒಪ್ಪತ್ತೂ ಎಲ್ಲ ನಿಂತುಹೋಗುತ್ತಿತ್ತು. ಆದ್ದರಿಂದ ನೀನು ಬಾ. ವಾರ್ಡಿನ ಬಾಗಿಲು ತೆರೆದ ಸದ್ದಾದರೆ ಸಾಕು, ಅಪ್ಪ ತಲೆ ಎತ್ತುತ್ತಾರೆ. ನೀನಲ್ಲ ಅಂತ ಗೊತ್ತಾದರೆ ಹೊದಿಕೆ ಸರಿ ಮಾಡಿಕೊಳ್ಳುತ್ತಾರೆ. ಬಂದು ನನ್ನ ತಲೆಗೆ ಎಷ್ಟು ಬೇಕಾದರೂ ಮೊಟಕು. ಬರಿಗೈಯಲ್ಲಿ ಬಾ.

ಭಾವನಿಗೆ ನಮಸ್ಕಾರ, ಅವರ ನೆಗಡಿ ವಾಸಿಯಾಗಲಿ. ಪುಟ್ಟಿಗೆ ಅವಳ ಸೋದರಮಾವನ ಆಶೀರ್ವಾದ, ಅದಕ್ಕೆ ಏನಾದರೂ ಬೆಲೆ ಉಳಿದಿದ್ದರೆ. ನಿನ್ನ ಮನೆ ತಣ್ಣಗಿರಲಿ.

ಇಂತು,
ಪುಟ್ಟೇನಹಳ್ಳಿ ಸಂಸ್ಥಾನದ ವಜಾಗೊಂಡ ರಾಜವೈದ್ಯ,
ನಿನ್ನ ತಮ್ಮ,
ಸೊಣ್ಣಪ್ಪ

ಮರೆತ ಮಾತು: ಅಕ್ಕಾ, ಅಂಟು ಹಚ್ಚುವ ಮೊದಲು ಇನ್ನೊಮ್ಮೆ ಓದಿದೆ. ಜೂನ್‌ನ ಆ ಮೊದಲ ಭಾನುವಾರ ಅಪ್ಪನ ಮುಖ ನೋಡಲಾರದೆ ಸುಳ್ಳು ಹೇಳಿದೆ ಅಂತ ಬರೆದಿದ್ದೇನೆ. ಅಪ್ಪನಿಗೂ ಅದನ್ನೇ ಹೇಳಿದೆ. ಅದನ್ನು ನಂಬಿಯೇ ಅವರು ನನ್ನನ್ನು ಒಂದು ಮಾತೂ ಬೈಯದೆ ಕಾಪಾಡುತ್ತಿದ್ದಾರೆ. ಆ ದಿನ ಕೊಳವೆ ಕಿತ್ತಳೆ ಆಗಿರಲಿಲ್ಲ. ನಾನು ದೀಪವನ್ನೇ ಹಚ್ಚಿರಲಿಲ್ಲ. ಅಪ್ಪ ಬಾಗಿಲಲ್ಲಿ ನಿಂತಿರಲೂ ಇಲ್ಲ, ಹಿತ್ತಲಲ್ಲಿ ಹಸುವಿಗೆ ಹುಲ್ಲು ಹಾಕುತ್ತಿದ್ದರು. ಬಾಗಲೂರಿನಲ್ಲಿ ಟೆನಿಸ್ ಬಾಲ್ ಕ್ರಿಕೆಟ್ ಮ್ಯಾಚ್ ಇತ್ತು, ಏಳೂವರೆಗೆ ಬಸ್ಸು. ಕುದಿಸಿ ನೋಡುತ್ತಾ ಕೂತರೆ ಬಸ್ಸು ತ‌ಪ್ಪುತ್ತಿತ್ತು. ಅದಕ್ಕೇ ಬರೀ ಔಷಧಿ ನೀರನ್ನು ಕಿಟಕಿಯಿಂದ ತೋರಿಸಿ, "ನೀಲಿ" ಅಂತ ಕೂಗಿ ಓಡಿದೆ. ಮೊದಲನೇ ಬಾಲಿಗೇ ಔಟಾದೆ.